ಹೋರ್ಡಿಂಗ್ ಕಡೆ ಹೋದ ಕಣ್ಣು

ರಾತ್ರಿ ಕಾರು ಓಡಿಸುತ್ತಿದ್ದೀರಿ. ವೇಗ ಗಂಟೆಗೆ 60 ಕಿಲೋಮೀಟರ್. ರಸ್ತೆ ಪಕ್ಕದ ದೊಡ್ಡ ಡಿಜಿಟಲ್ ಹೋರ್ಡಿಂಗ್ ನೀಲಿ ಇದ್ದದ್ದು ಫಕ್ಕನೆ ಕೆಂಪಾಗುತ್ತದೆ. ಕಣ್ಣು ಆ ಕಡೆ ಹೋಗುತ್ತದೆ. ಯಾವುದೋ ಶೂ ಜಾಹೀರಾತು. ಅದನ್ನು ಓದಿ ಮತ್ತೆ ಎದುರು ನೋಡುವಷ್ಟರಲ್ಲಿ ಮುಂದಿನ ಕಾರಿನ ಬ್ರೇಕ್ ಲೈಟ್ ಉರಿಯುತ್ತಿದೆ. ಯಾವಾಗ ಹೊತ್ತಿಕೊಂಡಿತೋ ಗೊತ್ತಿಲ್ಲ.

ಓದಿದ್ದು ಬರೀ 2 ಸೆಕೆಂಡು. ಅಷ್ಟರಲ್ಲಿ ಕಾರು ಸುಮಾರು 33 ಮೀಟರ್ ಮುಂದೆ ಹೋಗಿದೆ. ಆ 33 ಮೀಟರನ್ನು ನೀವು ನೋಡೇ ಇಲ್ಲ. ಕಾಲು ಬ್ರೇಕಿನ ಮೇಲೆ ಹೋಗುವುದಕ್ಕೆ ಇನ್ನೂ ಒಂದು ಸೆಕೆಂಡಾದರೂ ಬೇಕು.

‘ನಾನು ಹುಷಾರಾಗಿ ಓಡಿಸ್ತೀನಿ, ಬೋರ್ಡ್ ಕಡೆ ತಿರುಗಿಯೂ ನೋಡಲ್ಲ’ ಅನ್ನುವವರಿದ್ದಾರೆ. ಆದರೆ ಇಲ್ಲಿ ನಮ್ಮ ತೀರ್ಮಾನ ಅಷ್ಟಾಗಿ ನಡೆಯುವುದಿಲ್ಲ. ಕೈ ಪೂರ್ತಿ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಕಣ್ಣಿಗೆ ಸ್ಪಷ್ಟವಾಗಿ ಕಾಣುವುದು ಹೆಚ್ಚುಕಡಿಮೆ ಆ ಬೆರಳಿನ ಅಗಲದಷ್ಟು ಜಾಗ ಮಾತ್ರ. ಉಳಿದದ್ದೆಲ್ಲ ಮಸುಕು. ಆದರೆ ಆ ಮಸುಕು ಭಾಗಕ್ಕೆ ಒಂದು ಗುಣವಿದೆ: ಏನಾದರೂ ಅಲುಗಿದರೆ, ಮಿನುಗಿದರೆ ತಕ್ಷಣ ಗೊತ್ತಾಗುತ್ತದೆ. ಗೊತ್ತಾದ ಕೂಡಲೇ ಕಣ್ಣು ಆ ಕಡೆ ಹೊರಳುತ್ತದೆ. ನೋಡಬೇಕೋ ಬೇಡವೋ ಅಂತ ಯೋಚಿಸುವುದು ಆಮೇಲೆ. ಡಿಜಿಟಲ್ ಬೋರ್ಡಿನ ಚಿತ್ರ ಬದಲಾದಾಗ ಆಗುವುದು ಇದೇ. ಬಟ್ಟೆಯ ಮೇಲೆ ಅಚ್ಚು ಹಾಕಿದ ಹಳೇ ಹೋರ್ಡಿಂಗ್ ಹೀಗೆ ಕರೆಯುವುದಿಲ್ಲ.

ಅಮೆರಿಕದಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು 100 ಕಾರುಗಳಿಗೆ ಕ್ಯಾಮೆರಾ ಹಾಕಿ, ಜನ ದಿನನಿತ್ಯ ಹೇಗೆ ಓಡಿಸುತ್ತಾರೆ ಅಂತ ದಾಖಲಿಸಿದರು. 2006ರಲ್ಲಿ ವರದಿ ಬಂತು. ರಸ್ತೆಯಿಂದ 2 ಸೆಕೆಂಡಿಗಿಂತ ಜಾಸ್ತಿ ಹೊತ್ತು ಕಣ್ಣು ತೆಗೆದರೆ ಅಪಘಾತ ಆಗುವ ಅಥವಾ ಅದರ ಅಂಚಿಗೆ ಹೋಗುವ ಅಪಾಯ ಕನಿಷ್ಠ ಎರಡು ಪಟ್ಟಾಗುತ್ತದೆ ಅನ್ನುವುದು ಅದರಲ್ಲಿತ್ತು. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ನೇರವಾಗಿ ಹೋರ್ಡಿಂಗ್‌ಗಳನ್ನೇ ಪರೀಕ್ಷೆ ಮಾಡಿದರು. ಎಲೆಕ್ಟ್ರಾನಿಕ್ ಬೋರ್ಡುಗಳಿದ್ದ ಹೆದ್ದಾರಿಯಲ್ಲಿ 41 ಚಾಲಕರು ಎಲ್ಲಿ ನೋಡುತ್ತಾರೆ ಅಂತ ಅಳೆದರು. ಬೇರೆ ಫಲಕಗಳಿಗಿಂತ ಈ ಬೋರ್ಡುಗಳನ್ನು ಅವರು ಹೆಚ್ಚು ಸಲ, ಹೆಚ್ಚು ಹೊತ್ತು ನೋಡಿದ್ದರು. ಆದರೆ ಕಾರು ಓಡಿಸಿದ ರೀತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಭಯ ಯಾಕೆ? ಕಣ್ಣು ತೆಗೆದ ಮಾತ್ರಕ್ಕೆ ಅಪಘಾತ ಆಗುವುದಿಲ್ಲ. ಅದೇ 2 ಸೆಕೆಂಡಿನಲ್ಲಿ ಎದುರು ಏನಾದರೂ ಆಗಬೇಕು. ಸಾವಿರ ಸಲ ಏನೂ ಆಗುವುದಿಲ್ಲ, ಆಮೇಲೆ ಒಂದು ಸಲ ಆಗುತ್ತದೆ. ಆದಾಗಲೂ ‘ಜಾಹೀರಾತು ನೋಡ್ತಿದ್ದೆ’ ಅಂತ ಪೊಲೀಸರ ಮುಂದೆ ಯಾರು ಹೇಳುತ್ತಾರೆ? ಹಾಗಾಗಿ ದಾಖಲೆಗಳಲ್ಲಿ ಹೋರ್ಡಿಂಗ್ ಸಿಗುವುದೇ ಅಪರೂಪ.

ಅಮೆರಿಕದ ವರ್ಮಾಂಟ್ ರಾಜ್ಯ 1968ರಲ್ಲೇ ರಸ್ತೆ ಬದಿಯ ಬಿಲ್‌ಬೋರ್ಡ್‌ಗಳನ್ನು ನಿಷೇಧಿಸಿತು. ಅದಕ್ಕೆ ಮುಖ್ಯ ಕಾರಣ ನಾಡಿನ ಅಂದ. ಬೇರೆ ಹಲವು ರಾಜ್ಯಗಳಲ್ಲಿ ಡಿಜಿಟಲ್ ಬೋರ್ಡಿನ ಒಂದು ಚಿತ್ರ ಕನಿಷ್ಠ 6ರಿಂದ 8 ಸೆಕೆಂಡು ನಿಲ್ಲಬೇಕು ಅನ್ನುವ ನಿಯಮವಿದೆ. ಕೇಳುವುದಕ್ಕೆ ಚೆನ್ನಾಗಿದೆ. ಲೆಕ್ಕ ಹಾಕಿ ನೋಡಿ: ಅರ್ಧ ಕಿಲೋಮೀಟರ್ ದೂರದಿಂದಲೇ ಕಾಣುವ ಬೋರ್ಡಿನ ಹತ್ತಿರ ಬರುವುದಕ್ಕೆ 60ರ ವೇಗದಲ್ಲಿ 30 ಸೆಕೆಂಡು ಬೇಕು. 8 ಸೆಕೆಂಡಿಗೊಮ್ಮೆ ಬದಲಾದರೂ ಅಷ್ಟರಲ್ಲಿ ಮೂರು ಸಲ ಕಣ್ಣು ಸೆಳೆಯುತ್ತದೆ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಬೋರ್ಡ್ ನಿಲ್ಲಿಸುವ ಜಾಗದ್ದು. ಜಾಹೀರಾತಿಗೆ ಬೇಕಾದದ್ದು ವಾಹನಗಳು ನಿಧಾನವಾಗುವ, ಜನ ಸೇರುವ ಜಾಗ. ಅಂದರೆ ಜಂಕ್ಷನ್, ತಿರುವು, ಎರಡು ರಸ್ತೆ ಸೇರುವ ಕಡೆ. ಚಾಲಕರು ಕಣ್ಣು ಮಿಟುಕಿಸದೆ ರಸ್ತೆ ನೋಡಬೇಕಾದ ಜಾಗವೂ ಅದೇ ಅಲ್ವಾ? ಪಕ್ಕದಿಂದ ಬೈಕ್ ನುಗ್ಗುತ್ತಿರುತ್ತದೆ, ಯಾರೋ ರಸ್ತೆಗೆ ಒಂದು ಕಾಲು ಇಟ್ಟಿರುತ್ತಾರೆ. ಇಂಥ ಕಡೆ ಡಿಜಿಟಲ್ ಬೋರ್ಡಿಗೆ ಅನುಮತಿಯನ್ನೇ ಕೊಡಬಾರದು. ಅದು ಸಿಗ್ನಲ್ಲಿನ ಹಿಂದೆಯೇ ನಿಂತಿದ್ದರಂತೂ ಇನ್ನೂ ಕಷ್ಟ. ರಾತ್ರಿ ಕೆಂಪು ಜಾಹೀರಾತು ಬೆಳಗುತ್ತಿರುವಾಗ, ಅದರ ಮುಂದಿನ ಪುಟ್ಟ ಕೆಂಪು ದೀಪ ಅದರೊಳಗೇ ಕರಗಿಹೋಗುತ್ತದೆ.