ಹಕ್ಕಿಗಿಂತ ಮೊದಲು ಹಿಕ್ಕೆ

ಹಕ್ಕಿ ಫೋಟೊಗೆ ಹೊಸದಾಗಿ ಹೊರಟವರು ತಲೆಯೆತ್ತಿಕೊಂಡು ನಡೆಯುತ್ತಾರೆ. ನಾನು ನೆಲ ನೋಡಿಕೊಂಡು ನಡೆಯುತ್ತೇನೆ. ಒಣಕೊಂಬೆಯ ಕೆಳಗೆ ಸುಣ್ಣ ಚೆಲ್ಲಿದ ಹಾಗೆ ಬಿಳಿ ಹಿಕ್ಕೆ ಬಿದ್ದಿದೆಯಾ? ಹಾಗಿದ್ದರೆ ಆ ಕೊಂಬೆಗೆ ಹಕ್ಕಿ ಮತ್ತೆ ಮತ್ತೆ ಬರುತ್ತಿದೆ. ಹಿಕ್ಕೆ ಹಸಿಯಾಗಿದ್ದರೆ ಇವತ್ತೂ ಬಂದಿದೆ. ನೀರಿನ ದಡದಲ್ಲಿ ಇನ್ನೊಂದು ಗುರುತು ಇರುತ್ತದೆ. ಮಿಂಚುಳ್ಳಿ ಅರಗದ ಮೀನಿನ ಮುಳ್ಳುಗಳನ್ನು ಪುಟ್ಟ ಉಂಡೆ ಮಾಡಿ ಕಕ್ಕುತ್ತದೆ. ಅದು ಸಿಕ್ಕಿತೋ, ಅರ್ಧ ಕೆಲಸ ಮುಗಿದ ಹಾಗೆ.

ಮಿಂಚುಳ್ಳಿ, ನೊಣಹಿಡುಕ, ಕಳ್ಳಿಪೀರಗಳು ಬೇಟೆಗೆ ಹಾರಿ, ಹೆಚ್ಚಾಗಿ ಅದೇ ಕೊಂಬೆಗೆ ವಾಪಸ್ ಬರುತ್ತವೆ. ಹಾರಿಹೋಯಿತು ಅಂತ ಹಿಂದೆ ಓಡಬೇಡಿ. ಖಾಲಿ ಕೊಂಬೆಗೇ ಫೋಕಸ್ ಇಟ್ಟು ಕೂತಿರಿ.

ಹಣ್ಣಿನ ಮರಗಳಲ್ಲಿ ನನಗೆ ಆಲ, ಅತ್ತಿಯ ಜಾತಿಯವು ಇಷ್ಟ. ಒಂದು ಮರದ ಹಣ್ಣೆಲ್ಲ ಹೆಚ್ಚುಕಮ್ಮಿ ಒಟ್ಟಿಗೇ ಮಾಗುತ್ತದೆ, ಪಕ್ಕದ ಮರದ್ದು ಬೇರೆ ಕಾಲಕ್ಕೆ. ಆದ್ದರಿಂದ ಕಾಯಿ ಇರುವಾಗಲೇ ಮರ ಗುರುತು ಮಾಡಿಟ್ಟುಕೊಳ್ಳಿ. ಆದರೆ ಎತ್ತರದ ಮರದ ಬುಡದಲ್ಲಿ ನಿಂತರೆ ಸಿಗುವುದು ಬರೀ ಹೊಟ್ಟೆಯ ಫೋಟೊ! ಇಳಿಜಾರಿನಲ್ಲಿ ಬೆಳೆದ ಮರ ಹುಡುಕಿ, ಮೇಲ್ಗಡೆ ಕೂತರೆ ರೆಂಬೆಗಳು ಕಣ್ಣಿನ ಮಟ್ಟಕ್ಕೇ ಬರುತ್ತವೆ.

ಹಕ್ಕಿ ತಿನ್ನುವ ಜಾಗ ಸಿಕ್ಕಿತು ಅಂದರೆ ನಾವು ಕೂರುವ ಜಾಗವೂ ಸಿಕ್ಕಿತು ಅಂತಲ್ಲ. ಒಮ್ಮೆ ಹಣ್ಣು ತುಂಬಿದ ಮರದೆದುರು ಬೆಳಗ್ಗೆಯೆಲ್ಲ ಕೂತು ನೂರಾರು ಫೋಟೊ ತೆಗೆದೆ. ಎಲ್ಲವೂ ಕರೀ ಆಕಾರಗಳು. ಸೂರ್ಯ ಮರದ ಹಿಂದಿದ್ದ, ನಾನು ಹಣ್ಣು ನೋಡುತ್ತಾ ಅವನನ್ನು ಮರೆತಿದ್ದೆ. ಬೆಳಕು ಬೆನ್ನಿಗಿರಲಿ. ಆದರೆ ಗಾಳಿಯೂ ಬೆನ್ನಿಗಿರಬೇಕು ಅನ್ನುವುದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಇಳಿಯುತ್ತವೆ, ಏಳುತ್ತವೆ. ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬೀಸುತ್ತಿದ್ದರೆ ಅವು ನಿಮ್ಮ ಕಡೆಗೇ ಮುಖ ಮಾಡಿ ಬರುತ್ತವೆ. ಇಲ್ಲದಿದ್ದರೆ ಬಾಲದ ಫೋಟೊಗಳ ಆಲ್ಬಮ್ ಮಾಡಬೇಕಾಗುತ್ತದೆ, ಅಷ್ಟೇ.

ಸಮುದ್ರದ ಕೆಸರುದಡದಲ್ಲಿ ಉಬ್ಬರ ಏರುವ ಮುಂಚೆಯೇ ಹೋಗಿ ಮಲಗಿಬಿಡಿ. ನೀರು ಏರಿದಂತೆ, ಮೇಯುತ್ತಿರುವ ಹಕ್ಕಿಗಳನ್ನು ಅದೇ ನಿಮ್ಮ ಹತ್ತಿರಕ್ಕೆ ತಳ್ಳುತ್ತದೆ. ನೀವು ಒಂದು ಹೆಜ್ಜೆಯೂ ಇಡಬೇಕಿಲ್ಲ. ವಾಪಸ್ ಬರುವ ದಾರಿ ಮಾತ್ರ ಮೊದಲೇ ನೋಡಿಟ್ಟಿರಿ, ನೀರು ನಿಮಗೋಸ್ಕರ ಕಾಯುವುದಿಲ್ಲ.

ಲೆನ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 400 ಎಂಎಂ ಸಾಕು. ಹಕ್ಕಿ ಹಾರುವಾಗ ಶಟರ್ ವೇಗ 1/2000 ಸೆಕೆಂಡ್ ಇರಲಿ.

ಕೊನೆಗೆ, ಕೊಕ್ಕು ನೋಡುವುದನ್ನು ಕಲಿಯಿರಿ. ಮಿಂಚುಳ್ಳಿ ತಾನೇ ನುಂಗುವ ಮೀನಿನ ತಲೆಯನ್ನು ಗಂಟಲ ಕಡೆ ತಿರುಗಿಸಿಕೊಳ್ಳುತ್ತದೆ. ತಲೆ ಹೊರಗಡೆ ಇದ್ದರೆ ಆ ಮೀನು ಸಂಗಾತಿಗೋ ಮರಿಗೋ. ಅಂಥ ಮೀನು ಹಿಡಿದು, ನುಂಗದೆ, ಕೂತಲ್ಲೇ ಚಡಪಡಿಸುತ್ತಿದ್ದರೆ ನೀವು ಗೂಡಿನ ದಾರಿಗೆ ಅಡ್ಡ ಕೂತಿರಬಹುದು. ಆಗ ನಾನು ಕ್ಯಾಮೆರಾ ಮಡಚಿ, ಸುಮ್ನೆ ಎದ್ದು ಬರುತ್ತೇನೆ.