ಬ್ಲೀಚಿಂಗ್ ಪೌಡರ್ ಎಷ್ಟು ಹಾಕಿದರೂ ಈಜುಕೊಳ ಹಸಿರಾಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ತಿಕೋಟಾ ಬದಿಯ ದ್ರಾಕ್ಷಿ ತೋಟದಲ್ಲಿ ಮನೆ ಕಟ್ಟಿಸಿದಾಗ ಮೊಮ್ಮಕ್ಕಳಿಗೆಂದು ಈಜುಕೊಳವನ್ನೂ ಮಾಡಿಸಿದೆವು. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ. ತುಂಬುವುದು ಬೋರ್ ನೀರು. ವಾರಕ್ಕೆ ಎರಡು ಸಲ ಬ್ಲೀಚಿಂಗ್ ಪೌಡರ್ ಹಾಕಿದರೂ ನೀರು ಹಸಿರಾಗುತ್ತದೆ, ಟೈಲ್ಸ್ ಮೇಲೆ ಬಿಳಿ ಪೊರೆ ಕಟ್ಟಿದೆ. ಮಳೆಗಾಲಕ್ಕೆ ಮೊದಲು ಪೂರ್ತಿ ಖಾಲಿ ಮಾಡಿ ಹೊಸ ನೀರು ತುಂಬಿಸಲೇ?

ಉತ್ತರ: ಖಾಲಿ ಮಾಡಬೇಡಿ. ಕಾರಣವನ್ನು ಮುಂದೆ ಹೇಳುತ್ತೇನೆ.

ಡ್ರಿಪ್ ಪೈಪಿನ ತೂತುಗಳಲ್ಲಿ ಬಿಳಿ ಸುಣ್ಣ ಕಟ್ಟಿದಾಗ ನೀವು ಆಸಿಡ್ ಬಿಡುತ್ತೀರಿ. ಔಷಧಿ ಹೊಡೆಯುವ ಮೊದಲು ಟ್ಯಾಂಕಿನ ನೀರಿನ ಪಿಎಚ್, ಅಂದರೆ ನೀರು ಎಷ್ಟು ಹುಳಿ ಎಷ್ಟು ಕ್ಷಾರ ಎಂಬ ಅಳತೆ, ನೋಡುತ್ತೀರಿ. ಕೊಳಕ್ಕೆ ಬಂದಿರುವುದೂ ಅದೇ ಬೋರಿನ ನೀರು. ಬಳ್ಳಿಗೆ ಸಿಗುವ ಆರೈಕೆ ಅದಕ್ಕೆ ಸಿಕ್ಕಿಲ್ಲ, ಅಷ್ಟೇ.

ಕ್ಲೋರಿನ್ ಕೆಲಸ ಮಾಡಬೇಕೆಂದರೆ ಪಿಎಚ್ 7.2ರಿಂದ 7.6ರ ಒಳಗಿರಬೇಕು. 7.5ರಲ್ಲಿ ಹಾಕಿದ ಕ್ಲೋರಿನ್‌ನ ಹೆಚ್ಚುಕಡಿಮೆ ಅರ್ಧದಷ್ಟು ಪಾಚಿಯನ್ನು ಕೊಲ್ಲುವ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ, 8.5ರಲ್ಲಿ ಹತ್ತರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಇತ್ತ ಬ್ಲೀಚಿಂಗ್ ಪೌಡರ್ ಎಂದರೆ ಸುಣ್ಣಕ್ಕೆ ಹಿಡಿಸಿದ ಕ್ಲೋರಿನ್. ಪ್ರತಿ ಸಲ ಹಾಕಿದಾಗಲೂ ಕ್ಲೋರಿನ್ ಜೊತೆಗೆ ಸುಣ್ಣ ಸೇರುತ್ತದೆ, ಪಿಎಚ್ ಮೇಲೇರುತ್ತದೆ. ಹಸಿರು ಹೋಗಲಿಲ್ಲವೆಂದು ನೀವು ಇನ್ನಷ್ಟು ಹಾಕಿದ್ದೀರಿ, ಪೊರೆ ಇನ್ನಷ್ಟು ದಪ್ಪವಾಗಿದೆ.

ಬೇಸಿಗೆಯ ಲೆಕ್ಕವನ್ನೂ ನೋಡಿ. ಸರಾಸರಿ ಆಳ 1.4 ಮೀಟರ್ ಎಂದರೆ ನಿಮ್ಮ ಕೊಳದಲ್ಲಿ ಸುಮಾರು 45,000 ಲೀಟರ್ ನೀರಿದೆ. ನಮ್ಮ ಬಿಸಿಲಿಗೆ ದಿನಕ್ಕೆ 8 ಮಿಲಿಮೀಟರ್ ಆರಿದರೂ 256 ಲೀಟರ್ ಹೋಯಿತು. ತೊಂಬತ್ತು ದಿನಕ್ಕೆ 23,000 ಲೀಟರ್, ಅಂದರೆ ಅರ್ಧ ಕೊಳ. ಆರುವುದು ನೀರು ಮಾತ್ರ, ಅದರಲ್ಲಿದ್ದ ಲವಣ ಕೊಳದಲ್ಲೇ ಉಳಿಯುತ್ತದೆ. ಬೋರಿನ ನೀರಿನ ಗಡಸುತನ ಲೀಟರಿಗೆ 600 ಮಿಲಿಗ್ರಾಂ ಎಂದಿಟ್ಟುಕೊಳ್ಳಿ, ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಅದೇ ಕೊನೆಯ ಮಿತಿ. ಒಂದೇ ಬೇಸಿಗೆಯಲ್ಲಿ ಹದಿಮೂರು ಕಿಲೋಗಿಂತ ಹೆಚ್ಚು ಸುಣ್ಣದಂಶ ಕೊಳಕ್ಕೆ ಸೇರಿದಂತಾಯಿತು. ರಾತ್ರಿ ಹಾಗೂ ಬಳಸದ ದಿನಗಳಲ್ಲಿ ಮೇಲೆ ಹೊದಿಕೆ ಎಳೆದರೆ ಈ ನಷ್ಟ ಬಹಳ ತಗ್ಗುತ್ತದೆ. ಹೊದಿಕೆಯ ದುಡ್ಡು ದಂಡವಲ್ಲ.

ಈಗ ಮಾಡಬೇಕಾದದ್ದು. ಮೊದಲು ಪಿಎಚ್, ಕ್ಲೋರಿನ್, ಕ್ಷಾರೀಯತೆ, ಗಡಸುತನ ನಾಲ್ಕನ್ನೂ ಪರೀಕ್ಷಿಸಿ. ಕ್ಷಾರೀಯತೆ (ಪಿಎಚ್ ಏರುಪೇರಾಗದಂತೆ ತಡೆಯುವ ನೀರಿನ ಶಕ್ತಿ) ಲೀಟರಿಗೆ 80ರಿಂದ 120 ಮಿಲಿಗ್ರಾಂ, ಗಡಸುತನ 200ರಿಂದ 400 ಮಿಲಿಗ್ರಾಂ ಇದ್ದರೆ ಒಳ್ಳೆಯದು. ಪಿಎಚ್ ಇಳಿಸಲು ಹೈಡ್ರೋಕ್ಲೋರಿಕ್ ಆಸಿಡ್ ಬಳಸಿ, ಆದರೆ ಪರೀಕ್ಷೆಯಿಂದ ಲೆಕ್ಕಕ್ಕೆ ಬಂದ ಪ್ರಮಾಣದ ಅರ್ಧ ಮಾತ್ರ ಹಾಕಿ. ಪಂಪ್ ಓಡುತ್ತಿರಲಿ, ಆಳದ ಕಡೆ ನಿಧಾನವಾಗಿ ಸುರಿಯಿರಿ, ಆರು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಪಿಎಚ್ ಹದಕ್ಕೆ ಬಂದ ಮೇಲೆ ಗೋಡೆಯನ್ನು ಬ್ರಷ್‌ನಿಂದ ಚೆನ್ನಾಗಿ ಉಜ್ಜಿ, ಸೂರ್ಯ ಮುಳುಗಿದ ನಂತರ ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್ ಹಾಕಿ. ಇದರಲ್ಲಿ ಸುಣ್ಣವಿಲ್ಲ. ಶೇ 10ರ ದ್ರಾವಣವಾದರೆ ನಿಮ್ಮ ಕೊಳಕ್ಕೆ ಸುಮಾರು ನಾಲ್ಕೂವರೆ ಲೀಟರ್ ಬೇಕು. ಹಗಲಲ್ಲಿ ಹಾಕಿದರೆ ಅದರ ಬಹುಪಾಲನ್ನು ಬಿಸಿಲೇ ತಿಂದುಬಿಡುತ್ತದೆ. ಕ್ಲೋರಿನ್ ಮಟ್ಟ ಲೀಟರಿಗೆ 3 ಮಿಲಿಗ್ರಾಂಗೆ ಇಳಿಯುವವರೆಗೆ ಮಕ್ಕಳನ್ನು ನೀರಿಗೆ ಬಿಡಬೇಡಿ.

ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ: ಆಸಿಡ್ ಮತ್ತು ಕ್ಲೋರಿನ್ ಡಬ್ಬಿಗಳನ್ನು ಒಂದೇ ಮೂಲೆಯಲ್ಲಿ ಇಡಬೇಡಿ, ಒಂದೇ ಮಗ್ಗಿನಲ್ಲಿ ಅಳೆಯಬೇಡಿ. ಎರಡೂ ಕೂಡಿದರೆ ವಿಷಾನಿಲ ಏಳುತ್ತದೆ. ಕ್ಲೋರಿನ್ ಮಾತ್ರೆಗಳನ್ನು ಬ್ಲೀಚಿಂಗ್ ಪೌಡರ್ ಜೊತೆ ಬೆರೆಸಿದರೆ ಬೆಂಕಿಯೇ ಹೊತ್ತಬಹುದು.

ಇನ್ನು ಫಿಲ್ಟರ್. ಆದಿಲ್‌ಶಾಹಿ ಅರಸರು ತೊರವಿಯಿಂದ, ಬೇಗಂ ತಲಾಬ್‌ನಿಂದ ವಿಜಯಪುರಕ್ಕೆ ನೀರು ತಂದಾಗ ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ಕಟ್ಟಿಸಿದರು. ಕೊಳವೆಯ ಒತ್ತಡ ಅಲ್ಲಿ ತಗ್ಗುತ್ತಿತ್ತು, ಕೆಸರು ಅಲ್ಲೇ ತಳಕ್ಕಿಳಿಯುತ್ತಿತ್ತು. ನಿಮ್ಮಲ್ಲಿ ಕೆಸರು ಹಿಡಿಯುವುದು ಮರಳಿನ ಫಿಲ್ಟರ್. ಬಾಗಲಕೋಟೆ ಬದಿಯ ತೋಟದ ಮನೆಯೊಂದರಲ್ಲಿ ನಾನು ಫಿಲ್ಟರಿನ ಮುಚ್ಚಳ ತೆಗೆಸಿದ್ದೆ. ಒಳಗಿನ ಮರಳು ಬೆಲ್ಲದ ಪೆಂಟೆಯಂತೆ ಗಟ್ಟಿಯಾಗಿ, ಸ್ಕ್ರೂಡ್ರೈವರ್‌ನಿಂದ ಕುಟ್ಟಿದರೆ ಹೆಂಟೆಹೆಂಟೆಯಾಗಿ ಎದ್ದುಬಂತು. ಹೆಂಟೆಗಳ ನಡುವಿನ ಬಿರುಕಿನಲ್ಲಿ ನೀರು ಸೋಸದೇ ಹಾಗೇ ಹಾದುಹೋಗುತ್ತಿತ್ತು. ಮನೆಯವರು ಎರಡು ವರ್ಷ ಔಷಧಿಯನ್ನೇ ಬದಲಿಸುತ್ತ ಬಂದಿದ್ದರು. ಫಿಲ್ಟರ್ ಸ್ವಚ್ಛವಿದ್ದಾಗ ಒತ್ತಡದ ಮುಳ್ಳು ಎಲ್ಲಿ ನಿಲ್ಲುತ್ತದೆಯೋ ಅಲ್ಲೊಂದು ಗುರುತು ಹಾಕಿ. ಅದಕ್ಕಿಂತ 8ರಿಂದ 10 ಪಿಎಸ್‌ಐ ಏರಿದಾಗ ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯಿರಿ. ಪಂಪ್ ದಿನಕ್ಕೆ ಆರರಿಂದ ಎಂಟು ಗಂಟೆ ಓಡಲಿ.

ಖಾಲಿ ಮಾಡಬೇಡಿ ಎಂದದ್ದು ನಮ್ಮ ಮಣ್ಣಿಗಾಗಿ. ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಕೊಳದೊಳಗಿನ ನೀರಿನ ಭಾರ ಆ ಒತ್ತಡವನ್ನು ತಡೆದು ನಿಲ್ಲಿಸುತ್ತದೆ. ಮಳೆ ಹತ್ತಿರವಿರುವಾಗ ಬರಿದು ಮಾಡಿದರೆ ಅಡಿಯ ನೀರು ತಳವನ್ನು ಮೇಲಕ್ಕೆ ನೂಕಬಹುದು, ಗೋಡೆ ಸೀಳಬಹುದು. ಆಗ ಬರುವುದು ಟೈಲ್ಸ್ ಬದಲಿಸುವ ಖರ್ಚಲ್ಲ, ಕೊಳವನ್ನೇ ಮತ್ತೆ ಕಟ್ಟುವ ಖರ್ಚು. ಗಡಸುತನ ಮಿತಿಮೀರಿದ್ದರೆ ಒಮ್ಮೆಗೆ ಮೂರರಲ್ಲಿ ಒಂದು ಪಾಲು ಮಾತ್ರ ಹೊರಹಾಕಿ. ಕ್ಲೋರಿನ್ ಆರಲು ಮೂರು ದಿನ ಬಿಟ್ಟು ತೆಂಗಿಗೆ ಹರಿಸಬಹುದು, ದ್ರಾಕ್ಷಿ ಬುಡಕ್ಕೆ ಬೇಡ, ಅದು ಉಪ್ಪನ್ನು ತಾಳುವುದಿಲ್ಲ.

ಖಾಲಿಯಾದ ಜಾಗಕ್ಕೆ ಮತ್ತೆ ಬೋರ್ ಚಾಲು ಮಾಡುವ ಮೊದಲು ಮಾಳಿಗೆಯ ಕಡೆ ನೋಡಿ. ನೂರು ಚದರ ಮೀಟರ್ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್ ಮೆದು ನೀರು. ಮೊದಲ ಮಳೆಯ ಧೂಳು ಹೊರಗೆ ಹೋಗಲಿ, ಎರಡನೆಯ ಮಳೆಯಿಂದ ಪೈಪನ್ನು ಕೊಳದ ಕಡೆ ತಿರುಗಿಸಿ.