ಹಳೇ ಕಂಪ್ಯೂಟರಿಗೆ ಹೊಸ ಗೇಮ್‌ಪ್ಯಾಡ್ ಒಗ್ಗುವುದು ಹೇಗೆ?

ಹೊಸ ಗೇಮ್‌ಪ್ಯಾಡ್ ತಂದು ಹಳೇ ಕಂಪ್ಯೂಟರಿಗೆ ಚುಚ್ಚುತ್ತೀರಿ. ಲೈಟ್ ಹತ್ತಿಕೊಳ್ಳುತ್ತದೆ. ಆಟ ಶುರು ಮಾಡಿ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಇಲ್ಲವೇ ಯಾರೂ ಮುಟ್ಟದಿದ್ದರೂ ಕಾರು ಎಡಕ್ಕೆ ಎಳೆಯುತ್ತದೆ, ಜಿಗಿಯುವ ಬಟನ್ ಒತ್ತಿದರೆ ಮೆನು ತೆರೆಯುತ್ತದೆ. "ಕಂಪ್ಯೂಟರ್ ಹಳೇದಾಯ್ತು, ಹೊಸದು ತಗೊಳ್ಳಿ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಅವಸರ ಮಾಡಬೇಡಿ. ಗೇಮ್‌ಪ್ಯಾಡ್ ಸೆಕೆಂಡಿಗೆ ಕಳಿಸುವುದು ಕೆಲವೇ ಸಾವಿರ ಬೈಟ್. ಇಪ್ಪತ್ತು ವರ್ಷ ಹಳೆಯ ಯಂತ್ರಕ್ಕೂ ಅದು ಭಾರವಲ್ಲ. ಆ ಬೈಟುಗಳ ಅರ್ಥ ಏನು ಅನ್ನುವ ವಿಷಯದಲ್ಲಿ ಇಬ್ಬರಿಗೂ ಹೊಂದಾಣಿಕೆ ಇಲ್ಲದಾಗ ಈ ತೊಂದರೆ ಬರುತ್ತದೆ.

ಮೊದಲು ಕೇಬಲ್ ಬದಲಿಸಿ ನೋಡಿ. ಸಾಮಾನ್ಯ ಯುಎಸ್‌ಬಿ ಕೇಬಲಿನಲ್ಲಿ ನಾಲ್ಕು ತಂತಿ: ಎರಡು ಕರೆಂಟಿಗೆ, ಎರಡು ಡೇಟಾಗೆ. ಚಾರ್ಜಿಂಗಿಗೆ ಮಾತ್ರ ಅಂತ ಬರುವ ಅಗ್ಗದ ಕೇಬಲಿನಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಪ್ಯಾಡಿನ ಲೈಟ್ ಉರಿಯುತ್ತದೆ, ಆದರೆ ಅದು ಬಂದದ್ದು ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ.

ಕೇಬಲ್ ಸರಿಯಿದೆ, ಆದರೂ ಆಗುತ್ತಿಲ್ಲ ಅಂದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1981ರಲ್ಲಿ ಐಬಿಎಂ ತನ್ನ ಪಿಸಿಗೆ ಒಂದು ಗೇಮ್ ಕಾರ್ಡ್ ಕೊಟ್ಟಿತು. ಅದಕ್ಕೆ 15 ಪಿನ್ನಿನ ಸಾಕೆಟ್. ಜಾಯ್‌ಸ್ಟಿಕ್ಕಿನ ಒಳಗೆ ಇದ್ದದ್ದು ಹಳೇ ರೇಡಿಯೋದ ವಾಲ್ಯೂಮ್ ಗುಂಡಿಯೊಳಗೆ ಇರುತ್ತದಲ್ಲ, ಅದೇ ಬಗೆಯ ರೆಸಿಸ್ಟರ್. ಕೋಲು ವಾಲಿದಂತೆ ಅದರ ತಡೆ ಸೊನ್ನೆಯಿಂದ 100 ಕಿಲೋ ಓಮ್‌ವರೆಗೆ ಬದಲಾಗುತ್ತಿತ್ತು. ಆ ತಡೆಯ ಮೂಲಕ ಕಾರ್ಡಿನಲ್ಲಿ ವಿದ್ಯುತ್ ಕೂಡಿಡುವ ಒಂದು ಪುಟ್ಟ ಕೆಪಾಸಿಟರ್ ತುಂಬಲು 24ರಿಂದ ಸುಮಾರು 1,100 ಮೈಕ್ರೋಸೆಕೆಂಡ್ ಹಿಡಿಯುತ್ತಿತ್ತು. ಅದು ತುಂಬುವವರೆಗೆ ಪ್ರೊಸೆಸರ್ ಒಂದು, ಎರಡು, ಮೂರು ಅಂತ ಎಣಿಸುತ್ತಾ ಕೂರಬೇಕು. ಎಣಿಕೆ ಎಷ್ಟಾಯಿತೋ ಅದೇ ಕೋಲಿನ ಜಾಗ. ವೇಗದ ಪ್ರೊಸೆಸರ್ ಆದರೆ ಅಷ್ಟೇ ಹೊತ್ತಿನಲ್ಲಿ ಜಾಸ್ತಿ ಎಣಿಸುತ್ತದೆ, ಅಲ್ವಾ? ಅದಕ್ಕೇ ಆಗಿನ ಆಟಗಳು ಶುರುವಿನಲ್ಲಿ ಕೋಲನ್ನು ಮೂಲೆಯಿಂದ ಮೂಲೆಗೆ ಆಡಿಸಲು ಹೇಳುತ್ತಿದ್ದವು. ಒಂದು ಪೋರ್ಟಿನಲ್ಲಿ ನಾಲ್ಕು ಬಟನ್ ಮಾತ್ರ. ಈ ಕೋಲು ಯಾವ ಕಂಪನಿಯದು, ಏನೇನಿದೆ ಅಂತ ತಿಳಿಯಲು ಕಂಪ್ಯೂಟರಿಗೆ ದಾರಿಯೇ ಇರಲಿಲ್ಲ.

1996ರ ಜನವರಿಯಲ್ಲಿ ಯುಎಸ್‌ಬಿ 1.0 ಬಂತು. ಅದನ್ನು ರೂಪಿಸಿದ ಇಂಟೆಲ್ ತಂಡದಲ್ಲಿ ವಡೋದರಾದಲ್ಲಿ ಎಂಜಿನಿಯರಿಂಗ್ ಓದಿದ ಅಜಯ್ ಭಟ್ ಇದ್ದರು. ಯುಎಸ್‌ಬಿಯಲ್ಲಿ ಚುಚ್ಚಿದ ವಸ್ತುವೇ ತನ್ನ ಪರಿಚಯ ಹೇಳಿಕೊಳ್ಳುತ್ತದೆ. ಪ್ಯಾಡಿನೊಳಗಿನ 1.5 ಕಿಲೋ ಓಮ್ ರೆಸಿಸ್ಟರ್ ಒಂದು ಡೇಟಾ ತಂತಿಯ ವೋಲ್ಟೇಜನ್ನು ಏರಿಸುತ್ತದೆ. ಯಾರೋ ಬಂದರು ಅಂತ ಕಂಪ್ಯೂಟರಿಗೆ ತಿಳಿಯುವುದು ಅದರಿಂದ. ಆಮೇಲೆ ಅದು ಪ್ರಶ್ನೆ ಕೇಳುತ್ತದೆ, ಪ್ಯಾಡ್ ಉತ್ತರ ಕೊಡುತ್ತದೆ. ಆ ಉತ್ತರಗಳಲ್ಲಿ ಒಂದು ನನಗೆ ಬಹಳ ಇಷ್ಟ. ಅದು ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ: 05 01 09 05. ಮೊದಲ ಎರಡು ಬೈಟು "ನಾನು ಮೌಸ್, ಕೀಬೋರ್ಡ್, ಜಾಯ್‌ಸ್ಟಿಕ್‌ಗಳ ಬಳಗದವನು" ಅನ್ನುತ್ತವೆ. ಮುಂದಿನ ಎರಡು "ಅದರಲ್ಲಿ ನಾನು ಗೇಮ್‌ಪ್ಯಾಡ್" ಅನ್ನುತ್ತವೆ. ಇದೇ ರೀತಿ 09 30 ಅಂದರೆ ಅಡ್ಡ ಚಲನೆ, 09 31 ಅಂದರೆ ಉದ್ದ ಚಲನೆ. ಅಳತೆ ಸೊನ್ನೆಯಿಂದ 255ರವರೆಗೆ, ಪ್ರತಿಯೊಂದಕ್ಕೂ 8 ಬಿಟ್, ಬಟನ್ ಇಷ್ಟು. ಎಲ್ಲವೂ ಆ ಪಟ್ಟಿಯಲ್ಲೇ ಇರುತ್ತದೆ.

ಹೀಗೆ ಪರಿಚಯ ಹೇಳಿಕೊಳ್ಳುವ ಪದ್ಧತಿಗೆ ಎಚ್‌ಐಡಿ ಅನ್ನುತ್ತಾರೆ. ಇದನ್ನು ಓದುವ ಡ್ರೈವರ್, ಅಂದರೆ ಸಾಧನದ ಮಾತನ್ನು ಕಂಪ್ಯೂಟರಿಗೆ ಅರ್ಥ ಮಾಡಿಸುವ ಪುಟ್ಟ ಪ್ರೋಗ್ರಾಂ, ವಿಂಡೋಸ್ ಎಕ್ಸ್‌ಪಿಯಲ್ಲೇ ಇದೆ. ಹಾಗಾಗಿ ಈ ಪದ್ಧತಿ ಪಾಲಿಸುವ ಪ್ಯಾಡ್ ನಿನ್ನೆ ತಯಾರಾಗಿದ್ದರೂ 2002ರ ಕಂಪ್ಯೂಟರಿನಲ್ಲಿ ಕೆಲಸ ಮಾಡಬಲ್ಲದು. ಇಂಥ ದೂರದ ಆಲೋಚನೆ ಇಟ್ಟುಕೊಂಡು ಪದ್ಧತಿ ಬರೆದವರ ಬಗ್ಗೆ ನನಗೆ ನಿಜವಾದ ಗೌರವ.

ಹಾಗಿದ್ದರೆ ತೊಡಕು ಎಲ್ಲಿ? 2005ರಲ್ಲಿ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360 ಅನ್ನುವ ಗೇಮ್ ಯಂತ್ರ ಬಂತು. ಅದರ ಕಂಟ್ರೋಲರ್ ಎಚ್‌ಐಡಿ ಪಟ್ಟಿ ಕೊಡುವುದಿಲ್ಲ, ಮೈಕ್ರೋಸಾಫ್ಟಿನ ಸ್ವಂತ ರೀತಿಯಲ್ಲಿ ವ್ಯವಹರಿಸುತ್ತದೆ. ಜೊತೆಗೆ ಆಟ ಬರೆಯುವವರಿಗೆ ಎಕ್ಸ್‌ಇನ್‌ಪುಟ್ ಅನ್ನುವ ಹೊಸ ವ್ಯವಸ್ಥೆ ಬಂತು. ಹಿಂದಿನ ಡೈರೆಕ್ಟ್‌ಇನ್‌ಪುಟ್‌ನಲ್ಲಿ ಬಟನ್‌ಗಳಿಗೆ ಬರೀ ನಂಬರ್. ಒಂದು ಪ್ಯಾಡಿನ ಒಂದನೇ ಬಟನ್ ಇನ್ನೊಂದರಲ್ಲಿ ಬೇರೆ ಮೂಲೆಯಲ್ಲಿ ಇರುತ್ತದೆ. ಜಿಗಿತದ ಬದಲು ಮೆನು ತೆರೆಯುವುದು ಇದರಿಂದಲೇ. ಎಕ್ಸ್‌ಇನ್‌ಪುಟ್‌ನಲ್ಲಿ ಪ್ರತಿ ಬಟನ್ನಿಗೂ ಒಂದೇ ಹೆಸರು, ಒಂದೇ ಜಾಗ. ಆಟಗಾರರಿಗೆ ಇದರಿಂದ ದೊಡ್ಡ ಉಪಕಾರವಾಯಿತು. ಆದರೆ ಇಲ್ಲಿಂದ ಪ್ಯಾಡುಗಳು ಎರಡು ಜಾತಿಯಾದವು. 2005ಕ್ಕಿಂತ ಹಿಂದಿನ ಆಟಕ್ಕೆ ಎಕ್ಸ್‌ಇನ್‌ಪುಟ್ ಗೊತ್ತಿಲ್ಲ. ಅದರ ನಂತರದ ಎಷ್ಟೋ ಆಟಗಳು ಡೈರೆಕ್ಟ್‌ಇನ್‌ಪುಟ್ ಕಡೆ ತಿರುಗಿಯೂ ನೋಡುವುದಿಲ್ಲ.

ಹಳೇ ಆಟಗಳು ನಡೆಯಲಿ ಅಂತ ಡ್ರೈವರ್ ಎಕ್ಸ್‌ಬಾಕ್ಸ್ ಬಗೆಯ ಪ್ಯಾಡನ್ನು ಡೈರೆಕ್ಟ್‌ಇನ್‌ಪುಟ್‌ಗೂ ತೋರಿಸುತ್ತದೆ. ಹಾಗೆ ತೋರಿಸುವಾಗ ಒಂದು ವಿಚಿತ್ರ ನಡೆಯುತ್ತದೆ. ತೋರುಬೆರಳಿನಿಂದ ಒತ್ತುವ ಎಡ ಮತ್ತು ಬಲ ಟ್ರಿಗರ್ ಎರಡೂ ಸೇರಿ ಒಂದೇ ಅಳತೆಯಾಗುತ್ತವೆ. ಒಂದನ್ನು ಒತ್ತಿದರೆ ಸೂಜಿ ಈ ಕಡೆ, ಇನ್ನೊಂದನ್ನು ಒತ್ತಿದರೆ ಆ ಕಡೆ. ಎರಡನ್ನೂ ಪೂರ್ತಿ ಒತ್ತಿದರೆ ನಡುವಿನಲ್ಲಿ, ಅಂದರೆ ಏನೂ ಒತ್ತದ ಹಾಗೆ! ಕಾರಿನ ಆಟದಲ್ಲಿ ಆಕ್ಸಿಲರೇಟರ್, ಬ್ರೇಕ್ ಒಟ್ಟಿಗೆ ಹಿಡಿಯುವ ಅಭ್ಯಾಸವಿದ್ದವರಿಗೆ ಇದು ತಲೆನೋವು. ಆದರೆ ಬೇಕೆಂದೇ ಹೀಗೆ ಮಾಡಿದ್ದಾರೆ. ಕೈ ಬಿಟ್ಟಾಗ ಎಲ್ಲ ಅಳತೆಯೂ ನಡುವಿನಲ್ಲಿ ನಿಲ್ಲುತ್ತದೆ ಅಂತ ಹಳೇ ಆಟಗಳು ನಂಬಿದ್ದವು. ಟ್ರಿಗರ್ ಮಾತ್ರ ಕೈ ಬಿಟ್ಟಾಗ ಸೊನ್ನೆಗೆ ಹೋಗುತ್ತದೆ. ಅದನ್ನು ಹಾಗೇ ತೋರಿಸಿದ್ದರೆ ಯಾರೋ ಒಂದೇ ಸಮನೆ ಕೋಲು ಎಳೆದು ಹಿಡಿದಿದ್ದಾರೆ ಅಂತ ಆಟ ತಿಳಿಯುತ್ತಿತ್ತು.

ಹಾಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಆನ್‌ಲೈನಿನಲ್ಲೋ ಹಳೇ ಕಂಪ್ಯೂಟರಿಗೆ ಪ್ಯಾಡ್ ಕೊಳ್ಳುವಾಗ ಒಂದು ವಿಷಯ ಗಮನಿಸಿ. ಎರಡೂ ಜಾತಿಯಲ್ಲಿ ನಡೆಯುವ ಪ್ಯಾಡುಗಳಿವೆ. 2010ರಲ್ಲಿ ಬಂದ ಲಾಜಿಟೆಕ್ ಎಫ್310ರ ಹಿಂಬದಿ ಎಕ್ಸ್, ಡಿ ಅಂತ ಒಂದು ಸ್ವಿಚ್ಚೇ ಇದೆ. ಹಳೇ ಆಟಕ್ಕೆ ಡಿ, ಹೊಸದಕ್ಕೆ ಎಕ್ಸ್. ಬೇರೆ ಕೆಲವು ಪ್ಯಾಡುಗಳಲ್ಲಿ ನಡುವಿನ ಬಟನ್ನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಜಾತಿ ಬದಲಾಗುತ್ತದೆ. ನನ್ನ ಮಟ್ಟಿಗೆ, ವೈರ್‌ಲೆಸ್, ಬಣ್ಣದ ಲೈಟ್ ಎಲ್ಲಕ್ಕಿಂತ ಈ ಸೌಲಭ್ಯಕ್ಕೆ ದುಡ್ಡು ಕೊಡುವುದು ಮೇಲು.

2013ರ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್ ಇನ್ನೂ ಬಿಗಿ. ಚುಚ್ಚಿದರೂ ಸುಮ್ನೆ ಕೂತಿರುತ್ತದೆ. ಕಂಪ್ಯೂಟರ್ ಗೊತ್ತುಪಡಿಸಿದ ಬೈಟುಗಳನ್ನು ಕಳಿಸಿದ ಮೇಲೆಯೇ ಬಟನ್ ಸುದ್ದಿ ಕೊಡಲು ಶುರು ಮಾಡುತ್ತದೆ. ವಿಂಡೋಸ್ 7ಕ್ಕೆ ಇದರ ಡ್ರೈವರ್ 2014ರಲ್ಲಿ ಬಂತು, ಎಕ್ಸ್‌ಪಿಗೆ ಬರಲೇ ಇಲ್ಲ. ಬ್ಲೂಟೂತ್ ವಿಷಯವೂ ಸ್ವಲ್ಪ ಹೀಗೆಯೇ. 2020ರ ಎಕ್ಸ್‌ಬಾಕ್ಸ್ ಕಂಟ್ರೋಲರ್ ಬಳಸುವುದು ಬ್ಲೂಟೂತ್‌ನ ಕಡಿಮೆ ವಿದ್ಯುತ್ತಿನ ಬಗೆಯನ್ನು. ವಿಂಡೋಸ್ 7ರಲ್ಲಿ ಅದಕ್ಕೆ ಬೆಂಬಲ ಇಲ್ಲ, ಹೊಸ ಡಾಂಗಲ್ ತಂದು ಚುಚ್ಚಿದರೂ ಪ್ರಯೋಜನವಿಲ್ಲ. ಕೇಬಲ್ ಬಳಸಿ ನೋಡಿ.

ಇಷ್ಟಾದರೂ ಆಗದಿದ್ದರೆ ಆ ಹಳೇ ಯಂತ್ರಕ್ಕೆ ವಿಂಡೋಸ್ ಬದಲು ಹಗುರವಾದ ಒಂದು ಲಿನಕ್ಸ್ ಹಾಕಿ ಅನ್ನುತ್ತೇನೆ. ಲಿನಕ್ಸಿನ ಕರ್ನಲ್‌ನಲ್ಲಿ, ಅಂದರೆ ಅದರ ತಿರುಳಿನಲ್ಲಿ, ಎಕ್ಸ್‌ಪ್ಯಾಡ್ ಅನ್ನುವ ಡ್ರೈವರ್ ಇದೆ. ಅದರೊಳಗೆ ಪ್ಯಾಡುಗಳ ಉದ್ದನೆಯ ಪಟ್ಟಿ. ಒಂದು ಪ್ಯಾಡಿಗೆ ಒಂದು ಸಾಲು: ತಯಾರಕರ ನಂಬರ್, ಮಾಡೆಲ್ ನಂಬರ್, ಹೆಸರು, ಬಗೆ. ಪ್ಲೇಸ್ಟೇಷನ್ ಕಂಟ್ರೋಲರಿಗೆ ಬೇರೆ ಡ್ರೈವರ್ ಇದೆ. 2021ರಲ್ಲಿ ಕರ್ನಲ್ 5.12ರ ಜೊತೆ ಬಂದ ಅದನ್ನು ಬರೆದು ಕೊಟ್ಟಿದ್ದು ಸೋನಿಯೇ. ನಿಮ್ಮ ಎಕ್ಸ್ ಜಾತಿಯ ಪ್ಯಾಡ್ ಪಟ್ಟಿಯಲ್ಲಿ ಇಲ್ಲದಿದ್ದರೆ ಎಲ್‌ಎಸ್‌ಯುಎಸ್‌ಬಿ (lsusb) ಅನ್ನುವ ಕಮ್ಯಾಂಡ್ ಅದರ ಎರಡು ನಂಬರನ್ನೂ ತೋರಿಸುತ್ತದೆ. ಎಕ್ಸ್‌ಪ್ಯಾಡಿನ ನ್ಯೂ ಐಡಿ (new_id) ಅನ್ನುವ ಫೈಲಿಗೆ ಅವೆರಡನ್ನು ಬರೆದರೆ ಡ್ರೈವರ್ ಎಷ್ಟೋ ಸಲ ಪ್ಯಾಡನ್ನು ಆ ಕ್ಷಣವೇ ಕೈಗೆತ್ತಿಕೊಳ್ಳುತ್ತದೆ. ಆದರೆ ಕಂಪ್ಯೂಟರ್ ಆಫ್ ಮಾಡಿದರೆ ಇದು ಮರೆತುಹೋಗುತ್ತದೆ. ಕೆಲಸ ಮಾಡಿತು ಅಂದರೆ ಆ ಒಂದು ಸಾಲನ್ನು ಕರ್ನಲ್ ನೋಡಿಕೊಳ್ಳುವವರಿಗೆ ಕಳಿಸಿ. ಅವರು ಸೇರಿಸಿಕೊಂಡರೆ, ಮುಂದಿನ ಆವೃತ್ತಿ ಹಾಕಿದ ಎಲ್ಲ ಕಂಪ್ಯೂಟರಿಗೂ ಆ ಪ್ಯಾಡ್ ತಾನಾಗಿ ಗೊತ್ತಿರುತ್ತದೆ.